ಹೊಲದ ನಡುವೆ ಭರ್ಜರಿ ಊಟ

"ಇನ್ನೂ ಸ್ವಲ್ಪ ಎಡಕ್ಕೆ ಎಳಿಯೇ! ಬಾತುಕೋಳಿ ಬಾಲ ಕಾಣ್ತಾ ಇದೆ!"

ಎವರಿಸ್ತೋ ಕೂಗಿದ. ಹೆಂಡತಿ ಪಲ್ಮೀರಾ ಊಟದ ಮೇಜನ್ನು ಎಡಕ್ಕೆಳೆದಳು. ಬಿಳಿ ಮೇಜುಬಟ್ಟೆ ನೆಲ ಮುಟ್ಟಿತು, ಬಾತುಕೋಳಿ ಮರೆಯಾಯಿತು.

ಬಾತುಕೋಳಿಗೆ ಏನಿಲ್ಲವೆಂದರೂ ಎರಡು ಸಾವಿರ ವರ್ಷ. ಹೊಲದಂಚಿನಲ್ಲಿ ರೋಮನ್ನರ ಕಾಲದ ತೋಟದ ಮನೆಯೊಂದರ ಎರಡು ಮೋಟುಗೋಡೆಗಳಿರುವುದು ಊರಿಗೆಲ್ಲ ಗೊತ್ತು. ಎವರಿಸ್ತೋನ ಅಜ್ಜ ಅಲ್ಲಿ ಹಂದಿ ಸಾಕಿದ್ದ. ಆದರೆ ಮಗಳು ಓರ್ಸೊಲಾಳಿಗೆ ಮನೆ ಕಟ್ಟಲು ಗುದ್ದಲಿ ಹಾಕಿದರೆ, ಗೋಡೆಯಿಂದ ಮೂವತ್ತು ಹೆಜ್ಜೆ ಈಚೆಗೆ, ಬಣ್ಣದ ಕಲ್ಲು ಜೋಡಿಸಿ ಬಾತುಕೋಳಿಯ ಚಿತ್ರ ಬಿಡಿಸಿದ ನೆಲವೇ ಸಿಗಬೇಕೆ? ಪುರಾತತ್ವ ಇಲಾಖೆಯವರ ಕಣ್ಣಿಗೆ ಬಿದ್ದರೆ ಕೆಲಸ ನಿಂತಂತೆಯೇ. ಮದುವೆ ಸೆಪ್ಟೆಂಬರಿನಲ್ಲಿ. ಮನೆಯಿಲ್ಲದೆ ಮದುವೆಯೇ ಬೇಡವೆಂದು ಓರ್ಸೊಲಾ ಹಟ ಹಿಡಿದು ಕೂತಿದ್ದಳು. ಹೊಸ ಮಣ್ಣು ಮುಚ್ಚಿದರೆ ಕುರುಡನಿಗೂ ಅನುಮಾನ ಬರುತ್ತದೆ. ಹಾಗಾಗಿ ಈ ಮೇಜು.

ಮಗಳ ಮದುವೆಗೆ ಮನೆ ಕಟ್ಟಬೇಕೆಂದು ಎವರಿಸ್ತೋ ಕೊಟ್ಟಿದ್ದ ಅರ್ಜಿಯ ಮೇಲೆ ಜಾಗ ನೋಡಲು, ಮಧ್ಯಾಹ್ನಕ್ಕೆ ಸರಿಯಾಗಿ ಇಲಾಖೆಯ ತಾನ್ಕ್ರೆದಿ ಸಾಹೇಬರು ಬಂದರು. ಬೋಳುತಲೆ, ಕಂಕುಳಲ್ಲಿ ನಕ್ಷೆ.

"ಬನ್ನಿ ಸಾಹೇಬ್ರೇ! ಮೊದಲು ಊಟ, ಆಮೇಲೆ ಕೆಲಸ!"

ಸಾಹೇಬರು ಸುಡುಬಿಸಿಲನ್ನು ನೋಡಿದರು, ಮೇಜನ್ನು ನೋಡಿದರು, ಮುಗುಳ್ನಕ್ಕು ಕೂತರು.

"ಯಾವಾಗ್ಲೂ ಇಲ್ಲೇ ಊಟ ಮಾಡ್ತೀರಾ?"

"ಹೂಂ, ಒಳ್ಳೆ ಗಾಳಿ ಬರುತ್ತೆ."

ಹಾಳು ಗಾಳಿ, ಹೇಳಿ ಕಳಿಸಿದಂತೆ ಬಂದೇಬಿಟ್ಟಿತು. ಮೇಜುಬಟ್ಟೆ ಹಾರಿತು. ಪಲ್ಮೀರಾ ದಬಕ್ಕನೆ ಕೂತು ಅದರ ಅಂಚನ್ನು ಎರಡೂ ಕಾಲಿನಲ್ಲಿ ಮೆಟ್ಟಿಕೊಂಡಳು.

"ಏಳೇ, ಬಡಿಸು!" ಎಂದ ಗಂಡ.

"ನೀವೇ ಬಡಿಸ್ರೀ. ನನ್ನ ಮಂಡಿ ಹಿಡ್ಕೊಂಡಿದೆ!"

ಎವರಿಸ್ತೋ ಬಡಿಸಿದ. ಮೊಲದ ಮಾಂಸದ ಪಾಸ್ತಾ, ಕುರಿಹಾಲಿನ ಚೀಸ್, ಮನೆಯದೇ ವೈನು. ಸಾಹೇಬರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ನಕ್ಷೆ ಬಿಚ್ಚಲಿಲ್ಲ, ಅತ್ತಿತ್ತ ಕಣ್ಣು ಹಾಯಿಸಲಿಲ್ಲ. ಅಬ್ಬಾ, ಗೆದ್ದೆ ಎಂದುಕೊಂಡ ಎವರಿಸ್ತೋ. ಖುಷಿಗೆ ತನ್ನ ಲೋಟವನ್ನೂ ತುಂಬಿಸಿಕೊಂಡ.

ಕೊನೆಗೆ ಸಾಹೇಬರು ಬಾಯೊರೆಸಿಕೊಂಡು ನಕ್ಷೆ ಹರಡಿದರು. ತಾವು ಕೂತಿದ್ದ ಜಾಗಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಗುಂಡಗೆ ಸುತ್ತು ಹಾಕಿದರು.

"ಮಗಳ ಮನೇನ ಆ ಅಂಜೂರದ ಮರದಾಚೆ ಕಟ್ಟಿಸಿ. ಒಪ್ಪಿಗೆ ಇವತ್ತೇ ಬರೆದುಕೊಡ್ತೀನಿ, ಮದುವೆ ನಿಲ್ಲೋದು ಬೇಡ. ಈ ಜಾಗ ಮಾತ್ರ ನಮಗೆ ಬಿಟ್ಟುಬಿಡಿ."

ಪಲ್ಮೀರಾ ಮೆಲ್ಲಗೆ ಕಾಲು ತೆಗೆದಳು. ಎವರಿಸ್ತೋ ಬಾಯಿ ಬಿಟ್ಟುಕೊಂಡು ನಿಂತ. "ಅಲ್ಲ ಸಾಹೇಬ್ರೇ, ನೀವು ಬಗ್ಗಿ ಕೂಡ ನೋಡ್ಲಿಲ್ಲವಲ್ಲ!"

"ಇಪ್ಪತ್ತಾರು ವರ್ಷದ ನೌಕರಿ ಕಣಯ್ಯಾ. ಮನೆಯೊಳಗೆ ಕೂರಿಸಿ ಊಟ ಹಾಕಿದವರ ಹೊಲದಲ್ಲಿ ನನಗೆ ಇದುವರೆಗೂ ಏನೂ ಸಿಕ್ಕಿಲ್ಲ."