ಬಿಳಿ ಷರಾಯಿ

ಠುಸ್ ಎಂದು ಮುಂದಿನ ಚಕ್ರ ಕೂತುಬಿಟ್ಟಿತು. ಎರಡು ಕ್ವಿಂಟಲ್ ಅಕ್ಕಿ ಹೇರಿಕೊಂಡಿದ್ದ ಸೈಕಲ್ಲು ಫಾ ದಿನ್ ಘಟ್ಟದ ಪ್ರಪಾತದ ಕಡೆಗೆ ವಾಲಿತು. ಅದನ್ನು ತಳ್ಳುತ್ತಿದ್ದ ಬಾಂಗ್ ಸೀಟಿಗೆ ಕಟ್ಟಿದ್ದ ಬಿದಿರಿನ ಗಳಕ್ಕೆ ಜೋತುಬಿದ್ದು ಫ್ರೆಂಚರ ಏಳು ತಲೆಮಾರನ್ನೂ ಬೈದ. ಸೈಕಲ್ಲು ಮಾಡಿದವರೂ ಅವರೇ, ಈ ಅಕ್ಕಿ ತಿಂದು ನಮ್ಮ ಹುಡುಗರು ಓಡಿಸಬೇಕಾಗಿದ್ದವರೂ ಅವರೇ. ಹಿಂದೆ ಬರುತ್ತಿದ್ದ ಕಿಯೆಮ್ ತನ್ನ ಸೈಕಲ್ಲಿಗೆ ಕೋಲು ಆನಿಸಿ, ಓಡಿ ಬಂದು ಹೆಗಲು ಕೊಟ್ಟ.

"ತೇಪೆ ಇದೆ. ಆದ್ರೆ ಟ್ಯೂಬಿಗೆ ಸುತ್ತೋಕೆ ಬಟ್ಟೆ ಬೇಕಲ್ಲ ಮಾರಾಯ," ಎಂದ ಬಾಂಗ್. "ಇಲ್ದಿದ್ರೆ ಇನ್ನೊಂದು ಕಲ್ಲು ಸಿಕ್ತೋ, ಮತ್ತೆ ಠುಸ್."

ಇಬ್ಬರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಮೊಣಕಾಲಿನ ಕೆಳಗಿನ ಬಟ್ಟೆಯೆಲ್ಲ ಎಂದೋ ಚಕ್ರಗಳ ಹೊಟ್ಟೆ ಸೇರಿತ್ತು. ತಾನ್ ಹ್ವಾದಿಂದ ಷರಾಯಿ ತೊಟ್ಟು ಹೊರಟಿದ್ದ ಇಡೀ ತಂಡ ಈಗ ಚಡ್ಡಿ ಪಡೆಯಾಗಿತ್ತು. ಮಂಜು ದಟ್ಟವಾಗಿದೆಯೆಂದು ಹಗಲಲ್ಲೇ ಹೊರಟಿದ್ದರು. ಮುಂದಿನವರು ತಿರುವು ದಾಟಿಯಾಗಿತ್ತು. ಮಂಜು ಹರಿದರೆ ಬಾಂಬು ಹಾಕಲು ಫ್ರೆಂಚರ ವಿಮಾನ ಬರುವುದು ಖಂಡಿತ.

"ನಿನ್ನ ಚೀಲದಲ್ಲಿ ಏನೋ ಬೆಳ್ಳಗೆ ಕಂಡ ಹಾಗಿತ್ತಲ್ಲ?"

ಕಿಯೆಮ್ ಚೀಲವನ್ನು ಬೆನ್ನ ಹಿಂದೆ ಸರಿಸಿದ. "ಯಜಮಾನ್ರೇ, ಅದು... ನೀವೇ ಹೇಳಿದ್ರಲ್ಲ, ಆ ಷರಾಯಿ."

ಹೇಳಿದ್ದವನು ಬಾಂಗ್‌ನೇ. ತಾಯಿಯಿಲ್ಲದ ಅವನ ಮಗಳು ಲುವಾಳನ್ನು ಸಾಕಿದವಳು ಅವನ ಅಕ್ಕ. ಅವಳ ಮನೆ ವಾಪಸು ಹೋಗುವ ದಾರಿಯಲ್ಲೇ ಇತ್ತು. ಎಲೆ ಅಡಿಕೆ ಹಿಡಿದು ಹೆಣ್ಣು ಕೇಳಲು ಕಿಯೆಮ್ ಅಲ್ಲಿಗೇ ಬರಬೇಕಿತ್ತು. "ಬಿಳಿ ಷರಾಯಿ ಹಾಕ್ಕೊಂಡು ಬಾ. ಬರೀ ಮೊಣಕಾಲು ತೋರಿಸ್ಕೊಂಡು ಬಂದ್ರೆ ನಮ್ಮಕ್ಕ ತೀರಿಹೋದ ಹಿರಿಯರ ಪೂಜೆ ಪೀಠದ ಹತ್ರ ಸೇರಿಸಲ್ಲ. ಅವಳು ಬೇಡ ಅಂದ್ರೆ ಮುಗೀತು," ಎಂದು ಬಾಂಗ್ ಕಡ್ಡಿ ತುಂಡುಮಾಡಿದಂತೆ ಹೇಳಿದ್ದ. ಕಿಯೆಮ್‌ನ ಅವ್ವ ತಾನೇ ನೇಯ್ದ ಬಟ್ಟೆಯಲ್ಲಿ ಷರಾಯಿ ಹೊಲಿದು, ಬಾಳೆಲೆಯಲ್ಲಿ ಸುತ್ತಿ ಕೊಟ್ಟಿದ್ದಳು. ಮಗನಿಗಿಂತ ಆ ಷರಾಯಿಯ ಬಗ್ಗೆಯೇ ಅವಳು ಹೆಚ್ಚು ಜೋಪಾನ ಹೇಳಿದ್ದಳು.

ಬಾಂಗ್ ಕೆನ್ನೆ ಕೆರೆದುಕೊಂಡ. "ಹಂಗಾದ್ರೆ ಬೇಡ ಬಿಡು. ಅಕ್ಕಿ ಪೊದೇಲಿ ಬಚ್ಚಿಡೋಣ, ನಾಳೆ ನೋಡೋಣ."

ನಾಳೆಯವರೆಗೆ ದಿಯೆನ್ ಬಿಯೆನ್ ಫುವಿನಲ್ಲಿ ಫ್ರೆಂಚರನ್ನು ಮುತ್ತಿ ಗುಂಡಿಗಳೊಳಗೆ ಕೂತ ಹುಡುಗರು ಏನು ತಿನ್ನಬೇಕು? ಕಿಯೆಮ್ ಮೇಲೆ ನೋಡಿದ. ಮರದ ತುದಿಗಳು ಆಗಲೇ ಕಾಣತೊಡಗಿದ್ದವು. ಅವನಿಗೆ ಲುವಾಳ ಮುಖ ನೆನಪಾಯಿತು, ಅಳು ಬಂದಂತೆಯೂ ಆಯಿತು. ಚೀಲ ಬಿಚ್ಚಿ, ಕಣ್ಣು ಮುಚ್ಚಿಕೊಂಡು, ಪರ್‍ರೆಂದು ಒಂದು ಕಾಲು ಹರಿದುಕೊಟ್ಟ.

"ಸಾಕು, ಸಾಕು! ಒಂದು ಕಾಲು ಸಾಕಪ್ಪ!"

"ಇನ್ನೊಂದನ್ನ ಇಟ್ಕೊಂಡು ಏನ್ ಮಾಡ್ಲಿ ಯಜಮಾನ್ರೇ? ಒಂಟಿ ಕಾಲಿನ ಷರಾಯಿ ಹಾಕ್ಕೊಂಡು ಕುಂಟ್ತಾ ಹೆಣ್ಣು ಕೇಳೋಕೆ ಹೋಗ್ಲಾ? ಹಿಂದಿನ ಚಕ್ರಕ್ಕೂ ಸುತ್ತಿಬಿಡಿ."

ಮಂಜು ಹರಿಯುವಷ್ಟರಲ್ಲಿ ಎರಡೂ ಸೈಕಲ್ಲುಗಳು ಕಾಡಿನ ಮರೆ ಸೇರಿದ್ದವು.

ಕೊನೆಗೂ ದಿಯೆನ್ ಬಿಯೆನ್ ಫುವಿನ ಫ್ರೆಂಚರ ಕೋಟೆ ಬಿತ್ತು. ಅಕ್ಕಿ ತಂಡ ಹಾಡಿಕೊಂಡು, ಕುಣಿದುಕೊಂಡು ವಾಪಸು ಹೊರಟಿತು. ಒಳ್ಳೆಯ ದಿನವೆಂದು ಬಾಂಗ್‌ನ ಅಕ್ಕ ಗೊತ್ತುಮಾಡಿದ್ದ ದಿನ ಕಿಯೆಮ್ ಅವಳ ಬಾಗಿಲಲ್ಲಿ ನಿಂತಿದ್ದ. ತಲೆಗೆ ಎರವಲು ಮುಂಡಾಸು, ಮೈಗೆ ಎರವಲು ಕರಿ ನಿಲುವಂಗಿ, ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಷರಾಯಿಯನ್ನೂ ಎರವಲು ಕೇಳುತ್ತಿದ್ದನೇನೋ, ಆದರೆ ಇಡೀ ತಂಡದಲ್ಲಿ ಪೂರ್ತಿ ಷರಾಯಿ ಒಬ್ಬನ ಹತ್ತಿರವೂ ಇರಲಿಲ್ಲ.

ಅಕ್ಕ ಎಲೆ ಅಡಿಕೆ ಜಗಿಯುತ್ತ ಅವನನ್ನು ಮೇಲಿನಿಂದ ನೋಡುತ್ತ ಬಂದಳು. ಮೊಣಕಾಲಿಗೆ ಬಂದಾಗ ಜಗಿಯುವುದು ನಿಂತಿತು.

"ಮೇಲೆ ಮದುಮಗ, ಕೆಳಗೆ ಮೀನು ಹಿಡಿಯೋನು. ಷರಾಯಿ ಎಲ್ಲಪ್ಪ?"

ಪರದೆಯ ಹಿಂದೆ ಲುವಾಳ ಬಳೆಯ ಸದ್ದು ತಟ್ಟನೆ ನಿಂತದ್ದು ಕಿಯೆಮ್‌ಗೆ ಕೇಳಿಸಿತು. ಅವನು ತಟ್ಟೆಯನ್ನು ಕೆಳಗಿಳಿಸಿ ಮೊಣಕಾಲು ಮರೆಮಾಡಿಕೊಂಡ. "ಸ್ವಲ್ಪ ತಡಿ," ಎಂದು ಒಳಗೆ ಕೂತಿದ್ದ ಬಾಂಗ್ ಹೊರಗೋಡಿದ. ಮರುಕ್ಷಣ ತನ್ನ ಸೈಕಲ್ಲನ್ನೇ ಎತ್ತಿ ಹೊಸ್ತಿಲು ದಾಟಿಸಿ, ಹಿರಿಯರ ಪೀಠದ ಮುಂದೆ ತಂದು ನಿಲ್ಲಿಸಿದ.

"ಏನೋ ಇದು! ಅಪ್ಪ ಅಮ್ಮನ ಎದುರಿಗೆ ಕೆಸರು ಸೈಕಲ್ಲಾ? ಅದೂ ಫ್ರೆಂಚರದ್ದು!"

"ಸೈಕಲ್ಲು ಅವರದ್ದು ಕಣಕ್ಕ. ಒಳಗಿರೋದು ನಮ್ಮದು." ಬಾಂಗ್ ಟಯರಿನ ಅಂಚಿಗೆ ಬಿದಿರಿನ ಸೀಳು ತೂರಿಸಿ ಎಬ್ಬಿಸಿ, ಒಳಗಿನಿಂದ ಬಟ್ಟೆಯ ತುದಿಯನ್ನು ಎಳೆದ. "ಒಂದು ಕಾಲು ಇದರಲ್ಲಿದೆ, ಇನ್ನೊಂದು ಹಿಂದಿನದರಲ್ಲಿ. ಇವನು ಅವತ್ತು ಹರಿದು ಕೊಡದೆ ಇದ್ದಿದ್ರೆ ಅಕ್ಕೀನೂ ಇಲ್ಲ, ನಾನೂ ಇಲ್ಲ. ನೀನು ಕೇಳಿದ ಷರಾಯೀನೇ ಇದು. ಕಣ್ಬಿಟ್ಟು ನೋಡು."

ಅಕ್ಕ ಬಗ್ಗಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದಳು. ಕೆಸರಿನಡಿ ಒತ್ತೊತ್ತಾಗಿ ಹಾಕಿದ ಸಣ್ಣ ಹೊಲಿಗೆ ಸಿಕ್ಕಿತು. ಯಾರೋ ತಾಯಿ ದೀಪದ ಬುಡದಲ್ಲಿ ಕೂತು ಹಾಕಿದ ಹೊಲಿಗೆಯೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೊಂಟ ಹಿಡಿದು ಎದ್ದಳು. ಕಿಯೆಮ್‌ನ ಕೈಯಿಂದ ತಟ್ಟೆ ತೆಗೆದುಕೊಂಡು ಪೀಠದ ಮೇಲಿಟ್ಟಳು, ಊದುಬತ್ತಿ ಹಚ್ಚಿ ಕೈಮುಗಿದಳು.

"ಅಪ್ಪಾ, ಅಮ್ಮಾ, ಹುಡುಗ ಬಂದಿದಾನೆ. ಬಿಳಿ ಷರಾಯೀಲೇ ಬಂದಿದಾನೆ. ಸ್ವಲ್ಪ ಕೊಳೆಯಾಗಿದೆ, ಬೇಜಾರು ಮಾಡ್ಕೋಬೇಡಿ."