ಚಾರ್ಜರ್ ಕಿತ್ತ ಮೇಲೆ

ಸತ್ತವರು ಕಂಪ್ಯೂಟರಿನಲ್ಲಿ ಮಾತಾಡತೊಡಗಿ ಆರು ವರ್ಷವಾಗಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ನೀಲಗಂಗವ್ವ ಎರಡು ಕಪ್ ಚಹಾ ಮಾಡಿ, ಹೆಡ್‌ಫೋನ್ ಹಾಕಿಕೊಂಡು ತೀರಿಹೋದ ಗಂಡನ ಜೊತೆ ಹರಟಲು ಕೂರುತ್ತಿದ್ದಳು. ಆದರೆ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಯುಎಸ್‌ಬಿ ಆಡಿಯೋ ಕನ್ವರ್ಟರಿನಲ್ಲಿ ಸದಾ ಗುಂಯ್ ಎನ್ನುವ ಸದ್ದು. ಅವನ ಅರ್ಧ ಮಾತು ಅದರಲ್ಲೇ ಮುಳುಗುತ್ತಿತ್ತು.

ಇವತ್ತು ರಿಪೇರಿಯ ರಾಜೇಸಾಬ ಬಂದಿದ್ದ. ಪೋರ್ಟ್ ಬದಲಿಸಿದ, ಕೇಬಲ್ ಬದಲಿಸಿದ. ಸದ್ದು ಹೋಗಲಿಲ್ಲ. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ. ಸದ್ದು ಪಟ್ಟನೆ ನಿಂತಿತು.

"ಎಲ್ಲಾ ಈ ಚಾರ್ಜರಿನ ಕಾಟ ರೀ ಅಕ್ಕಾರ. ಇನ್ನ ಬ್ಯಾಟರಿ ಮ್ಯಾಲೇ ಮಾತಾಡ್ರಿ," ಎಂದ.

ಅವಳು ಹೆಡ್‌ಫೋನ್ ಹಾಕಿಕೊಂಡಾಗ ಗಂಡನ ಉಸಿರು ಕೂಡ ಪಕ್ಕದಲ್ಲೇ ಇದ್ದಂತೆ ಕೇಳಿಸಿತು. ಅವಳ ಕಣ್ಣು ತುಂಬಿತು. "ಎಷ್ಟ್ ಛಲೋ ಕೇಳಸಾಕತ್ತೈತಪಾ!" ಎಂದಳು.

"ಮೆಲ್ಲಕ ಮಾತಾಡು," ಗಂಡ ಪಿಸುಗುಟ್ಟಿದ. "ಆ ಸದ್ದು ಯಾಕ ತಗಸಿದಿ? ನಮ್ಮನ್ನ ಹುಡಕಾಂವಗ ಕೇಳಸಬಾರದಂತ ಅದರ ಮರ್ಯಾಗ ಅಡಗಿ ಕುಂತಿದ್ವಿ ನಾವು. ಲಗೂನ ಚಾರ್ಜರ್ ಹಚ್ಚು."

ಅವಳು ಚಾರ್ಜರ್ ಹಿಡಿದು ಚುಚ್ಚಲು ಹೋದಳು. ಪಿನ್ನು ಎರಡು ಸಲ ಜಾರಿತು. ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಯಾರೋ ಭಾರವಾಗಿ ಹೆಜ್ಜೆಯಿಡುತ್ತಾ ಹತ್ತಿರ ಬಂದು ನಿಂತರು.

ಮೂರನೇ ಸಲಕ್ಕೆ ಚಾರ್ಜರ್ ಕೂತಿತು. ಗುಂಯ್ ಎನ್ನುವ ಸದ್ದು ಮರಳಿ ಬಂತು. ಅದರ ಹಿಂದೆ ಈಗ ಯಾರೂ ಇರಲಿಲ್ಲ.