ಚಿನ್ನದ ಮೇಲಿನ ಹಸಿರು

ಶುಕೂರ್ ಇವತ್ತೂ ಯಂತ್ರದ ಹಿಂಬಾಗಿಲು ತೆರೆದ.

ಕಂಪ್ಯೂಟರಿಗೆ ಲೆಕ್ಕ ಉಣಿಸುವ ಕಾರ್ಡುಗಳನ್ನು ತೂತು ಮಾಡುವ ಕೋಣೆಯ ಗಾಜಿನಾಚೆಯಿಂದ ತೆರೆಸಾ ನೋಡುತ್ತಿದ್ದಳು. ಬ್ಯಾಂಕಿಗೆ ಇನ್ನೂ ಬೇರೆ ಯಾರೂ ಬಂದಿರಲಿಲ್ಲ. ಅವನು ಒಮ್ಮೆ ಹಿಂತಿರುಗಿ ನೋಡಿದ. ಹೆಗಲ ಬಟ್ಟೆ ಎಳೆದುಕೊಂಡು ಒಳಗೆ ಕೈ ಹಾಕಿದ, ಏನನ್ನೋ ಉಜ್ಜಿದ, ಬಟ್ಟೆಯನ್ನು ಮಡಚಿ ಜೇಬಿಗಿಟ್ಟ. ಕಸ ಗುಡಿಸುವವನಿಗೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಏನು ಕೆಲಸ?

ಅವಳು ತನ್ನ ಕುರ್ಚಿಗೆ ಬಂದು ಕೂತ ಮೇಲೆಯೇ ಅವನು ಅಲ್ಲಿಗೆ ಹೋಗುತ್ತಿದ್ದ. ದಿನವೂ.

ಯಂತ್ರವನ್ನು ಕೂರಿಸಲು ಬೊಂಬಾಯಿಯಿಂದ ಬಂದಿದ್ದ ಇಂಜಿನಿಯರ್ ರೇಮಂಡ್ ಅಂದು ಎಲ್ಲರನ್ನೂ ಕರೆದು ತೋರಿಸಿದ್ದ. "ಇದಕ್ಕೆ ಬುದ್ಧಿ ಎಂತದ್ದೂ ಇಲ್ಲ, ಬರೀ ಲೋಹ. ಕಬ್ಬಿಣದ ಪುಡಿಯ ಈ ಸಣ್ಣ ಉಂಗುರಗಳು ನೆನಪಿಟ್ಟುಕೊಳ್ತವೆ. ತಾಮ್ರ ಸುದ್ದಿ ತೆಗೊಂಡು ಹೋಗ್ತದೆ. ತಂತಿಗಳು ಕೂಡುವ ಈ ಹಲ್ಲುಗಳಿಗೆ ಮಾತ್ರ ಚಿನ್ನದ ಲೇಪ."

"ಹಾಗಾದ್ರೆ ಮದುಮಗಳಿಗೆ ತೊಡಿಸ್ಬಹುದು ಸಾರ್," ಎಂದಿದ್ದ ಶುಕೂರ್. ಎಲ್ಲರೂ ನಕ್ಕಿದ್ದರು. ತೆರೆಸಾ ನಕ್ಕಿರಲಿಲ್ಲ. ಸರಕಾರ ಚಿನ್ನದ ಮೇಲೆ ನಿರ್ಬಂಧ ಹಾಕಿದ್ದ ಕಾಲ ಅದು. ಯಾರ ಕಣ್ಣು ಎಲ್ಲಿರುತ್ತದೋ.

ಕುಲಶೇಖರದ ಅವಳ ಮನೆಯಲ್ಲಿ ಹೊಸತೆಂಬುದು, ಹೊಲಿಗೆ ಯಂತ್ರವಿರಲಿ, ಹಾಲು ಕೊಡುವ ಎಮ್ಮೆಯಿರಲಿ, ಚರ್ಚಿನ ಪವಿತ್ರ ಜಲದ ನಾಲ್ಕು ಹನಿ ಬೀಳದೆ ಕೆಲಸಕ್ಕಿಳಿಯುತ್ತಿರಲಿಲ್ಲ. ಇಲ್ಲಿಯೂ ಅವಳು ಬಂದವಳೇ ಯಂತ್ರದ ಹಿಂಬದಿಯ ಜಾಲರಿಗೆ ಆ ಉಪಚಾರ ಮಾಡಿ, ಶಿಲುಬೆಯ ಗುರುತು ಎಳೆದು, ಕಾಪಾಡು ದೇವರೇ ಎಂದು ಬೇಡಿಕೊಳ್ಳುತ್ತಿದ್ದಳು. ಶುಕೂರನ ಮೇಲೆ ಸಂಶಯ ಬಂದಂದಿನಿಂದ ಆ ಬೇಡಿಕೆ ಉದ್ದವಾಗಿತ್ತು.

ಮಳೆ ನಿಂತ ಹೊತ್ತಿಗೆ ಯಂತ್ರದ ಲೆಕ್ಕ ತಪ್ಪತೊಡಗಿತು. ರೇಮಂಡ್ ಮತ್ತೆ ಬಂದ. ಹಿಂಬಾಗಿಲು ತೆರೆದ. ಚಿನ್ನದ ಹಲ್ಲುಗಳ ಮೇಲೆ ಹಸಿರು ಹಬ್ಬಿತ್ತು. ಪಕ್ಕದ ಚೌಕಟ್ಟಿನ ಮೇಲಿದ್ದ ಬಿಳಿ ಪುಡಿಯನ್ನು ಬೆರಳಿಂದ ತೆಗೆದು ನಾಲಗೆಗೆ ಮುಟ್ಟಿಸಿದ.

"ಉಪ್ಪು."

"ಸಮುದ್ರದ ಗಾಳಿಯಾ?" ಕೇಳಿದರು ಮ್ಯಾನೇಜರ್ ಯೂಸ್ಟೇಸ್.

"ಮುಚ್ಚಿದ ಕೋಣೆ, ತಂಪು ಮಾಡುವ ಯಂತ್ರ ಬೇರೆ ಉಂಟು. ಗಾಳಿ ಅಲ್ಲ ಮಾರಾಯ್ರೆ, ಇದು ಯಾರದ್ದೋ ಕೈ. ಚಿನ್ನದ ಪದರ ನೀರುಳ್ಳಿ ಸಿಪ್ಪೆಗಿಂತ ತೆಳು. ಉಪ್ಪು ಒಳಗೆ ಇಳಿದ್ರೆ ಅಡಿಯ ತಾಮ್ರ ಹಸಿರು ಕಾರ್ತದೆ."

ಉಪ್ಪಿನ ಕೈ. ಎಲ್ಲರ ಕಣ್ಣೂ ಶುಕೂರನ ಕಡೆ ತಿರುಗಿತು. ಅವನ ತಾಯಿ ಬೀಫಾತಿಮ್ಮನದು ಬಂದರಿನಲ್ಲಿ ಒಣಮೀನಿನ ಅಂಗಡಿ. ಬೆಳಿಗ್ಗೆ ಅಲ್ಲಿ ಬುಟ್ಟಿ ಇಳಿಸಿಯೇ ಅವನು ಬ್ಯಾಂಕಿಗೆ ಬರುತ್ತಿದ್ದುದು. ಈ ತಿಂಗಳು ಅವನ ಕೆಲಸ ಖಾಯಂ ಆಗುವುದಿತ್ತು. ಇನ್ನು ಅಂಗಡಿ ಮುಚ್ಚು ಉಮ್ಮಾ, ನಾನಿದ್ದೇನೆ ಎಂದು ತಾಯಿಗೆ ಮಾತು ಕೊಟ್ಟಿದ್ದ.

ನಾಲ್ಕು ಜನರೆದುರು ಎಂದೂ ಬಾಯಿ ಬಿಡದ ತೆರೆಸಾ ಅಂದು ಬಾಯಿ ಬಿಟ್ಟಳು. ನೋಡಿದ್ದನ್ನೆಲ್ಲ ಹೇಳಿದಳು. ಯೂಸ್ಟೇಸ್ ಅವನ ಜೇಬಿನಿಂದ ಬಟ್ಟೆ ಎಳೆದರು. ಮಡಿಕೆಗಳಲ್ಲಿ ಹಸಿರು ಕಲೆ.

"ಒಳಗೆ ಕೈ ಹಾಕ್ಲಿಕ್ಕೆ ನಿನಗೆ ಹೇಳಿದ್ದು ಯಾರು?"

"ಒರೆಸಿದ್ದು ಮಾತ್ರ ಸಾರ್." ಶುಕೂರ್ ತೆರೆಸಾಳ ಮುಖ ನೋಡಿದ. "ತೆರೆಸಾ ಬಾಯಿಗೆ ಗೊತ್ತುಂಟಲ್ಲ."

"ನನಗೆಂತ ಗೊತ್ತು?"

"ಹಾಗಾದ್ರೆ ಎಂತದ್ದೂ ಇಲ್ಲ," ಎಂದು ಅವನು ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ರೇಮಂಡ್ ಹಲ್ಲುಗಳನ್ನು ತೊಳೆದು ಸರಿಪಡಿಸಿ ಹೋದ. ಯಂತ್ರದ ಬೀಗ ಬದಲಾಯಿತು. ಹೊಸ ಕೀಲಿಕೈ ತೆರೆಸಾಳ ಬಳಿ ಉಳಿಯಿತು. ಆದರೂ ಹಸಿರು ಮತ್ತೆ ಬಂತು, ಮೊದಲಿಗಿಂತ ಬೇಗ, ಮೊದಲಿಗಿಂತ ದಟ್ಟವಾಗಿ.

"ಅವನ ಹತ್ರ ಕಳ್ಳ ಕೀ ಉಂಟು," ಎಂದರು ಯೂಸ್ಟೇಸ್. "ಸೋಮವಾರ ಪೊಲೀಸರಿಗೆ ಕೊಡುವಾ. ಸಾಕ್ಷಿ ನೀವೇ ತೆರೆಸಾ."

ಅವಳು ತಲೆಯಾಡಿಸಿದಳು. ಆ ವಾರ ಅವಳ ಪ್ರಾರ್ಥನೆ ಎಷ್ಟು ಹೆಚ್ಚಿತೆಂದರೆ ಚೀಲದಲ್ಲಿದ್ದ ಪವಿತ್ರ ಜಲದ ಪುಟ್ಟ ಸೀಸೆ ಪೂರ್ತಿ ಬರಿದಾಯಿತು.

ಭಾನುವಾರ ಪೂಜೆಗೆ ಮೊದಲೇ ಸೀಸೆ ಹಿಡಿದು ಚರ್ಚಿಗೆ ಹೋದಳು. ಬಾಗಿಲ ಬಳಿಯ, ಪವಿತ್ರ ಜಲ ಇಡುವ ಕಲ್ಲಿನ ತೊಟ್ಟಿ ಒಣಗಿತ್ತು. ಎಂದೂ ಕಾಲಿಡದಿದ್ದ ಹಿಂಬದಿಯ ಕೋಣೆಯ ತನಕ ಹೋದಳು. ಚರ್ಚಿನ ಚಾಕರಿಯ ಝೇವಿಯರ್ ಹೊಸ್ತಿಲಲ್ಲೇ ತಡೆದ.

"ಸ್ವಲ್ಪ ನಿಲ್ಲಿ ಬಾಯಿ. ಫಾದರ್ ಹೊಸ ನೀರು ಮಂತ್ರಿಸ್ತಾ ಇದ್ದಾರೆ. ಮೊನ್ನೆಯೇ ತುಂಬಿಸಿಕೊಂಡು ಹೋದದ್ದಲ್ವಾ? ಯಾರಿಗೆ ಕುಡಿಸ್ತೀರಿ ಅಷ್ಟು?"

ತೆರೆಸಾ ಅವನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದಳು.

ಪಾದ್ರಿಗಳು ಲ್ಯಾಟಿನಿನಲ್ಲಿ ಗುನುಗುತ್ತ, ಬಟ್ಟಲಿನ ಉಪ್ಪನ್ನು ಶಿಲುಬೆಯಾಕಾರದಲ್ಲಿ ನೀರಿಗೆ ಸುರಿದರು.